ಚೀಟಿ ಕೊಟ್ಟು ಕಳುಹಿದ ಮೇಲೆ

ಆಸ್ಪತ್ರೆಯ ಮಾತುಕತೆಯಲ್ಲಿ ಅತ್ಯಂತ ಹಗುರವಾಗಿ ಬಳಕೆಯಾಗುವ ಪದ ಯಾವುದೆಂದು ಯಾರಾದರೂ ನನ್ನನ್ನು ಕೇಳಿದರೆ, ‘ಚೀಟಿ’ ಎಂದು ಉತ್ತರ ಕೊಡುತ್ತೇನೆ. ವೈದ್ಯರನ್ನು ಕಾಣಲು ಚೀಟಿ, ರಕ್ತಪರೀಕ್ಷೆಗೆ ಚೀಟಿ, ಔಷಧಕ್ಕೆ ಚೀಟಿ, ಕೊನೆಗೆ ಮನೆಗೆ ಹೋಗುವುದಕ್ಕೂ ಒಂದು ಚೀಟಿ. ‘ಬರೆದು ಕೊಟ್ಟಿದ್ದೇವೆ, ಹೋಗಿ ತೋರಿಸಿಕೊಳ್ಳುತ್ತಾರೆ’ ಎಂದು ನಾವು ವೈದ್ಯರು ಹೇಳುವುದುಂಟು. ಆ ವಾಕ್ಯದ ಮೊದಲರ್ಧ ನಮಗೆ ಗೊತ್ತಿರುವ ಸಂಗತಿ. ಉತ್ತರಾರ್ಧ ಬರಿಯ ನಂಬಿಕೆ. ನೆಗಡಿ, ಹಲ್ಲುನೋವುಗಳ ವಿಷಯದಲ್ಲಿ ಈ ನಂಬಿಕೆ ಹುಸಿಯಾದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ಆದರೆ ಒಂದು ಸೋಂಕಿನ ವಿಷಯದಲ್ಲಿ, ಚೀಟಿ ಬರೆದ ಕೈಗೂ ಔಷಧ ಕೊಡುವ ಕೈಗೂ ನಡುವೆ ಇರುವ ಅಂತರದಲ್ಲಿಯೇ ಜನ ಸಾಯುತ್ತಾರೆ.

ಕೇಳುಗ ಮಿತ್ರರೇ, ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ, ಎಂದರೆ ನಮ್ಮ ಕಡೆ ಎಲ್ಲರೂ ‘ಕ್ಯಾಶುವಾಲ್ಟಿ’ ಎಂದೇ ಕರೆಯುವ ಜಾಗಕ್ಕೆ, ಬೇರೆ ಯಾವುದೋ ಸಂಕಟಕ್ಕಾಗಿ ಒಬ್ಬ ಮನುಷ್ಯ ಬರುತ್ತಾನೆ. ಬೈಕಿನಿಂದ ಬಿದ್ದು ಕಾಲು ಮುರಿದಿರುತ್ತದೆ. ಇಲ್ಲವೆ ತಿಂಗಳಿಂದ ಬಿಡದ ಜ್ವರ ಒಂದು ರಾತ್ರಿ ಏದುಸಿರಾಗಿ ಏರಿರುತ್ತದೆ. ಚಿಕಿತ್ಸೆಯ ನಡುವೆ ಅವನ ರಕ್ತದಲ್ಲಿ ಎಚ್.ಐ.ವಿ. ಸೋಂಕಿರುವುದು ಗೊತ್ತಾಗುತ್ತದೆ. ಬಂದ ಸಂಕಟ ಪರಿಹಾರವಾಗುತ್ತದೆ. ಕಾಲಿಗೆ ಕಟ್ಟು ಬೀಳುತ್ತದೆ, ಉಸಿರು ಹತೋಟಿಗೆ ಬರುತ್ತದೆ, ಮಂಚ ಮತ್ತೊಬ್ಬನಿಗೆ ತೆರವಾಗುತ್ತದೆ. ಅನಂತರ ಆ ಎರಡನೆಯ ಸಂಗತಿಯ ಗತಿಯೇನು? ಔಷಧ ಸಿಗುವ ಬಾಗಿಲಿಗೆ ಅವನು ಮುಟ್ಟುತ್ತಾನೆಯೇ? ಮುಟ್ಟಿದರೂ ವರ್ಷಾನುವರ್ಷ ಅಲ್ಲಿ ನಿಲ್ಲುತ್ತಾನೆಯೇ? ಇಂದಿನ ನನ್ನ ಮಾತು ಇಷ್ಟರ ಸುತ್ತಲೇ. ನಾನು ವೃತ್ತಿಯಿಂದ ವೈದ್ಯ. ದಾವಣಗೆರೆಯಲ್ಲಿ 20ಕ್ಕೂ ಹೆಚ್ಚು ವರ್ಷ ರಾತ್ರಿ ಪಾಳಿಗಳನ್ನು ಕಳೆದವನು. ಅಂಕಿ ಅಂಶಗಳಿಗಿಂತ ಮುಖಗಳ ನೆನಪೇ ನನ್ನಲ್ಲಿ ಹೆಚ್ಚು ಉಳಿದಿದೆ.

ದಾವಣಗೆರೆ 1997ರ ಆಗಸ್ಟ್ 15ರಂದು ಜಿಲ್ಲೆಯ ಕೇಂದ್ರವಾಯಿತು. ಆದರೆ ಸುತ್ತಲಿನವರ ಪಾಲಿಗೆ ಅದು ಅದಕ್ಕೂ ಬಹಳ ಮುಂಚಿನಿಂದಲೇ ಆಸ್ಪತ್ರೆಯ ಊರು. 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಆರಂಭವಾದ ಬಳಿಕವಂತೂ ಚನ್ನಗಿರಿ, ಹೊನ್ನಾಳಿ, ಜಗಳೂರು, ಹರಪನಹಳ್ಳಿಗಳ ಜನ ‘ದಾವಣಗೆರೆಗೆ ಹಾಕಿಕೊಂಡು ಹೋಗಿ’ ಎಂಬ ಮಾತನ್ನು ಕೇಳಿಯೇ ಬೆಳೆದರು. ಚಿಗಟೇರಿ ಜಿಲ್ಲಾ ಆಸ್ಪತ್ರೆ, ಬಾಪೂಜಿ ಆಸ್ಪತ್ರೆ, ಅನಂತರ ಎಸ್.ಎಸ್. ವೈದ್ಯಕೀಯ ಸಂಸ್ಥೆ, ಇವಲ್ಲದೆ ಬೀದಿಗೊಂದೆಂಬಂತೆ ನರ್ಸಿಂಗ್ ಹೋಮುಗಳು. ಹರಿಹರ ಇಲ್ಲಿಂದ ಸುಮಾರು 14 ಕಿಲೋಮೀಟರು. ಬಸ್ಸಿನಲ್ಲಿ ಕುಳಿತು ಒಂದು ಸಣ್ಣ ನಿದ್ದೆ ತೆಗೆಯುವಷ್ಟರಲ್ಲಿ ಊರು ಬಂದುಬಿಡುತ್ತದೆ. ಅಲ್ಲಿ ತುಂಗಭದ್ರೆ, ನದಿ ದಾಟಿದರೆ ಕುಮಾರಪಟ್ಟಣ, ಆದರೆ ಅದು ರಾಣೆಬೆನ್ನೂರು ತಾಲ್ಲೂಕು, ಹಾವೇರಿ ಜಿಲ್ಲೆ. ಈ ಗಡಿಯ ಮಾತನ್ನು ಮುಂದೆ ಮತ್ತೆ ಎತ್ತಬೇಕಾಗುತ್ತದೆ.

ಎರಡೂ ಊರುಗಳು ದುಡಿಮೆಯ ಊರುಗಳು. ಹತ್ತಿಯ ಗಿರಣಿಗಳಿಂದಾಗಿ ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ಬಂದಿತ್ತು. ಗಿರಣಿಗಳು ಒಂದೊಂದಾಗಿ ಮುಚ್ಚಿದರೂ ಹೆಸರು ಮಾತ್ರ ಉಳಿಯಿತು. ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳು ದೇಶದ ತುಂಬ ಓಡಾಡಿದವು. ಈಗ ಆ ಕಾರ್ಖಾನೆಯೂ ಇಲ್ಲ. ಹೀಗೆ ಕೆಲಸ ಕಳೆದುಕೊಂಡ ಮನೆಗಳ ಮಕ್ಕಳು ಪುಣೆ, ಮುಂಬಯಿ, ಗೋವೆಗಳತ್ತ ಹೊರಟರು. ಹಿಂದೆ 4ನೆಯ ಸಂಖ್ಯೆಯದಾಗಿದ್ದ, ಈಗ 48 ಎನಿಸಿಕೊಳ್ಳುವ ರಾಷ್ಟ್ರೀಯ ಹೆದ್ದಾರಿ ಈ ಎರಡೂ ಊರುಗಳ ಮಗ್ಗುಲಲ್ಲಿಯೇ ಹಾದುಹೋಗುತ್ತದೆ.

ಹೆದ್ದಾರಿ ಎಂದೊಡನೆ ‘ಲಾರಿ ಚಾಲಕರು ತಂದ ಕಾಯಿಲೆ’ ಎಂಬ ಹಳೆಯ ಕಥೆ ಕೆಲವರ ನಾಲಗೆಯ ತುದಿಗೆ ಬರಬಹುದು. ಆ ಕಥೆ ನನಗೆ ಎಂದೂ ರುಚಿಸಿಲ್ಲ. ಮನೆ ಬಿಟ್ಟು ತಿಂಗಳುಗಟ್ಟಲೆ ದುಡಿಯುವವರ ನಡುವೆ ಸೋಂಕು ಹೆಚ್ಚಾಗಿ ಹರಡಿತೆಂಬುದು ನಿಜ. ಆದರೆ ನಾನು ರಾತ್ರಿ ಪಾಳಿಯಲ್ಲಿ ಕಂಡ ಸೋಂಕಿತರಲ್ಲಿ ಊರ ಗಡಿಯನ್ನೇ ದಾಟದ ಗೃಹಿಣಿಯರಿದ್ದರು, ಅಂಗಡಿಯ ಗುಮಾಸ್ತರಿದ್ದರು, ಗೌರವಾನ್ವಿತ ಮನೆತನದ ಹಿರಿಯರೂ ಇದ್ದರು. ಒಂದು ಕಸುಬಿನ ಮೇಲೆ ಕಳಂಕ ಹೊರಿಸಿದ ಒಡನೆ ಉಳಿದ ಕಸುಬಿನವರೆಲ್ಲ ತಮಗೆ ಪರೀಕ್ಷೆ ಬೇಡವೆಂದು ನೆಮ್ಮದಿಯಿಂದ ಕೂರುತ್ತಾರೆ. ಆ ಕಥೆಯಿಂದ ಆದ ದೊಡ್ಡ ನಷ್ಟ ಅದು.

ಇತಿಹಾಸವನ್ನು ಬೇಗನೆ ಹೇಳಿ ಮುಗಿಸುತ್ತೇನೆ. ಭಾರತದಲ್ಲಿ ಈ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಮದರಾಸಿನಲ್ಲಿ. ಡಾ. ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ ನಿರ್ಮಲಾ ಎಂಬ ವಿದ್ಯಾರ್ಥಿನಿ ಸಂಗ್ರಹಿಸಿದ ರಕ್ತದ ಮಾದರಿಗಳಲ್ಲಿ ಅದು ಕಂಡುಬಂತು. 1992ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಹುಟ್ಟಿತು. ಅಲ್ಲಿಂದ ಮುಂದೆ ಹತ್ತು ಹನ್ನೆರಡು ವರ್ಷ ನಾವು ವೈದ್ಯರು ನಡೆಸಿದ್ದು ಒಂದು ವಿಚಿತ್ರ ಬಾಳು: ಕಾಯಿಲೆಯ ಹೆಸರು ಹೇಳಬಲ್ಲೆವು, ಔಷಧ ಕೊಡಲಾರೆವು. ಔಷಧ ಇರಲಿಲ್ಲವೆಂದಲ್ಲ, ವರ್ಷಕ್ಕೆ ಹತ್ತು ಸಾವಿರ ಡಾಲರಿಗೂ ಮೀರಿದ ಬೆಲೆಯ ಔಷಧ ಮಂಡಕ್ಕಿ ಭಟ್ಟಿಯ ಕೂಲಿಗೆ ಇದ್ದರೂ ಇಲ್ಲದಂತೆಯೇ. 2001ರಲ್ಲಿ ನಮ್ಮ ದೇಶದ ಸಿಪ್ಲಾ ಕಂಪನಿ ಮೂರು ಔಷಧಗಳ ಕೂಟವನ್ನು ವರ್ಷಕ್ಕೆ 350 ಡಾಲರಿಗೆ, ಎಂದರೆ ದಿನಕ್ಕೆ ಒಂದು ಡಾಲರಿಗೂ ಕಡಿಮೆ ಬೆಲೆಗೆ, ಗಡಿಗಳಿಲ್ಲದ ವೈದ್ಯರ ಸಂಘಟನೆಗೆ ಕೊಡಲು ಮುಂದಾದಾಗ ಲೋಕದ ಲೆಕ್ಕಾಚಾರವೇ ಬದಲಾಯಿತು. 2004ರ ಏಪ್ರಿಲ್ 1ರಂದು ಭಾರತ ಸರ್ಕಾರ ಉಚಿತ ಚಿಕಿತ್ಸೆಯನ್ನು ಆರಂಭಿಸಿತು. ನಮ್ಮ ರಾಜ್ಯದಲ್ಲಿ ಮೊದಲ ಬಾಗಿಲು ತೆರೆದದ್ದು ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯಲ್ಲಿ. ಆಮೇಲೆ ಜಿಲ್ಲೆಗಳಿಗೂ ಬಂತು. ದಾವಣಗೆರೆಯಲ್ಲಿ ಈ ಚಿಕಿತ್ಸೆಯ ಎ.ಆರ್.ಟಿ. ಕೇಂದ್ರ ನಡೆಯುವುದು ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ.

ಮೊದಮೊದಲು ರಕ್ತದಲ್ಲಿನ ಸಿ.ಡಿ.4 ಎಂಬ ರಕ್ಷಕ ಕಣಗಳ ಎಣಿಕೆ ಒಂದು ಮಟ್ಟಕ್ಕಿಂತ ಕೆಳಗಿಳಿದವರಿಗೆ ಮಾತ್ರ ಔಷಧ ಕೊಡುತ್ತಿದ್ದರು. ಉಳಿದವರಿಗೆ ‘ಆರು ತಿಂಗಳು ಬಿಟ್ಟು ಬನ್ನಿ’. ಆರು ತಿಂಗಳು ಬಿಟ್ಟು ಬಂದವರು ಕೆಲವರು. ಬಾರದೇ ಹೋದವರು ಹಲವರು. 2017ರಿಂದ ಆ ಕಾಯಿಸುವಿಕೆ ಇಲ್ಲ. ಸೋಂಕು ಖಚಿತವಾದ ಪ್ರತಿಯೊಬ್ಬರಿಗೂ, ಎಣಿಕೆ ಎಷ್ಟೇ ಇರಲಿ, ಔಷಧ ಆರಂಭಿಸಬೇಕೆಂದು ನಿಯಮವಾಯಿತು. 2020ರ ಬಳಿಕ ಡೊಲುಟೆಗ್ರಾವಿರ್ ಸೇರಿದ ಮೂರು ಔಷಧಗಳ ಒಂದೇ ಮಾತ್ರೆ ನಮ್ಮ ಸರ್ಕಾರಿ ಕೇಂದ್ರಗಳಲ್ಲಿ ವ್ಯಾಪಕವಾಗಿ ಬಳಕೆಗೆ ಬಂತು. ದಿನಕ್ಕೊಂದು ಮಾತ್ರೆ. ಕಾಲಕ್ಕೆ ಸರಿಯಾಗಿ ಆರಂಭಿಸಿ ತಪ್ಪದೆ ನುಂಗಿದವರು ಉಳಿದವರಷ್ಟೇ ಕಾಲ ಬಾಳುವ ಸಾಧ್ಯತೆ ಇದೆ. ರಕ್ತದಲ್ಲಿ ವೈರಾಣು ಪರೀಕ್ಷೆಗೆ ಸಿಗದಷ್ಟು ಇಳಿದು ಹಾಗೆಯೇ ಉಳಿದರೆ ದಾಂಪತ್ಯದಲ್ಲಿ ಸಂಗಾತಿಗೆ ಸೋಂಕು ದಾಟುವುದಿಲ್ಲವೆಂದು ಯುರೋಪಿನ ಹಲವು ದೇಶಗಳ ಜೋಡಿಗಳನ್ನು ವರ್ಷಗಟ್ಟಲೆ ಗಮನಿಸಿ ನಡೆಸಿದ, 2016 ಮತ್ತು 2019ರಲ್ಲಿ ಪ್ರಕಟವಾದ ಅಧ್ಯಯನಗಳು ತೋರಿಸಿಕೊಟ್ಟಿವೆ. ಈ ಒಂದು ವಿಷಯ ನಮ್ಮ ವಿದ್ಯಾವಂತರಲ್ಲಿಯೂ ಅನೇಕರಿಗೆ ಇನ್ನೂ ಮುಟ್ಟಿಲ್ಲ. ಅವರ ಮನಸ್ಸಿನಲ್ಲಿ ಎಚ್.ಐ.ವಿ. ಎಂದರೆ ಇಂದಿಗೂ 1990ರ ಗೋಡೆ ಭಿತ್ತಿಪತ್ರದ ತಲೆಬುರುಡೆಯೇ.

2021ರ ರಾಷ್ಟ್ರೀಯ ಅಂದಾಜಿನಂತೆ ದೇಶದಲ್ಲಿ ಸೋಂಕಿತರು ಸುಮಾರು 24 ಲಕ್ಷ. ಅವರಲ್ಲಿ ಕರ್ನಾಟಕದವರು ಎರಡೂಮುಕ್ಕಾಲು ಲಕ್ಷದಷ್ಟು. ಮಹಾರಾಷ್ಟ್ರ, ಆಂಧ್ರಗಳ ಅನಂತರದ ಸ್ಥಾನ ನಮ್ಮದು. ಔಷಧವಿದೆ, ಉಚಿತವಾಗಿದೆ, ಊರಿನಲ್ಲಿಯೇ ಇದೆ. ಹಾಗಿದ್ದ ಮೇಲೆ ಮಧ್ಯರಾತ್ರಿ ಕ್ಯಾಶುವಾಲ್ಟಿಗೆ ಎಲುಬಿನ ಗೂಡಾಗಿ ಬರುವವರು ಇನ್ನೂ ಏಕಿದ್ದಾರೆ?

ಒಬ್ಬ ಹೆಂಗಸಿನ ಸಂಗತಿ ಹೇಳುತ್ತೇನೆ. ಊರು, ಹೆಸರು, ವಯಸ್ಸು ಯಾವುದನ್ನೂ ಹೇಳುವುದಿಲ್ಲ. ದಾವಣಗೆರೆಯ ಮಂಡಕ್ಕಿ ಭಟ್ಟಿಯೊಂದರಲ್ಲಿ ಕೆಲಸ. ಭಟ್ಟಿಯ ಕೆಲಸ ತಾವು ನೋಡಿದ್ದೀರೋ ಇಲ್ಲವೋ. ಬೆಳಗಿನ ಜಾವಕ್ಕೆ ಮುಂಚೆಯೇ ಒಲೆ ಹೊತ್ತುತ್ತದೆ, ಕಾದ ಮರಳಿನಲ್ಲಿ ಅಕ್ಕಿ ಅರಳುತ್ತದೆ, ಹೊಗೆ ಮಾಡಿನವರೆಗೂ ತುಂಬುತ್ತದೆ. ಕೆಮ್ಮು ಬಂದರೆ ‘ಹೊಗೆಯ ಕೆಮ್ಮು’ ಎಂದು ಎಲ್ಲರೂ ಸುಮ್ಮನಾಗುತ್ತಾರೆ. ಈಕೆಯ ಕೆಮ್ಮನ್ನೂ ಹಾಗೆಯೇ ಬಿಟ್ಟರು. ಒಂದು ರಾತ್ರಿ ಉಸಿರು ಕಟ್ಟಿತು. ಯಾವುದೋ ನರ್ಸಿಂಗ್ ಹೋಮಿಗೆ ಕರೆದೊಯ್ದರು. ಅಲ್ಲಿ ಮೂರು ದಿನ ಇರಿಸಿಕೊಂಡು, ರಕ್ತ ನೋಡಿ, ಇಂಗ್ಲಿಷಿನಲ್ಲಿ ಒಂದು ಚೀಟಿ ಬರೆದು, ‘ಸರ್ಕಾರಿ ಆಸ್ಪತ್ರೆಗೆ ಹೋಗಿ ಈ ಕೋಣೆಯಲ್ಲಿ ತೋರಿಸಿ’ ಎಂದು ಕಳುಹಿದರು. ಏನು, ಏಕೆ ಎಂದು ಕೂರಿಸಿ ಹೇಳಿದವರಿಲ್ಲ. ನಾಲ್ಕು ತಿಂಗಳ ಬಳಿಕ ಆಕೆ ನನ್ನ ಪಾಳಿಯಲ್ಲಿ ಬಂದಾಗ ತೂಕ 31 ಕಿಲೋ. ಕ್ಷಯ ಎರಡೂ ಶ್ವಾಸಕೋಶಗಳಿಗೆ ವ್ಯಾಪಿಸಿತ್ತು. ಹಳೆಯ ಕಾಗದವೇನಾದರೂ ಇದೆಯೇ ಎಂದು ಕೇಳಿದೆ. ರೇಷನ್ ಕಾರ್ಡಿನೊಂದಿಗೆ ಪ್ಲಾಸ್ಟಿಕ್ ಚೀಲದಲ್ಲಿ ಮಡಿಸಿಟ್ಟ ಚೀಟಿಯನ್ನು ತೆಗೆದು ಕೊಟ್ಟಳು. ಒಂದು ಮೂಲೆಯೂ ಮುದುರಿರಲಿಲ್ಲ.

“ಹೋಗಿರ್ಲಿಲ್ವೇನಮ್ಮಾ ಅಲ್ಲಿಗೆ?”

“ಹೋಗಿದ್ದೆ ಸಾರ್. ಆ ಬಾಗ್ಲು ಮುಂದೆ ನಮ್ ಕೇರಿಯೋರು ಒಬ್ರು ಕುಂತಿದ್ರು. ಹಂಗೇ ವಾಪಸ್ ಬಂದ್ಬಿಟ್ಟೆ.”

ಆ ಕೇರಿಯವರು ಅಲ್ಲಿ ಏಕೆ ಕುಳಿತಿದ್ದರು ಎಂದು ನಾನು ಕೇಳಲಿಲ್ಲ. ಬಹುಶಃ ಅವರೂ ಈಕೆಯನ್ನು ಕಂಡು ಅಷ್ಟೇ ಅಂಜಿದ್ದಿರಬೇಕು.

ಈ ಉತ್ತರ ಕೇಳಿದ ಮೇಲೆ ನಾನು ಬಂದವರನ್ನೆಲ್ಲ ಇದೇ ಪ್ರಶ್ನೆ ಕೇಳತೊಡಗಿದೆ. ಕಾರಣಗಳು ಮೇಲುನೋಟಕ್ಕೆ ಕ್ಷುಲ್ಲಕವೆನಿಸುವಂಥವು. ಒಬ್ಬನಿಗೆ ಕೋಣೆ ಸಿಗಲಿಲ್ಲ. ಯಾರನ್ನಾದರೂ ಕೇಳಬೇಕೆಂದರೆ ಆ ಕೋಣೆಯ ಹೆಸರನ್ನು ಬಾಯಿಬಿಟ್ಟು ಹೇಳಬೇಕು. ಇನ್ನೊಬ್ಬ ಹೋದ ದಿನ ಸಂಬಂಧಪಟ್ಟವರು ರಜೆಯಲ್ಲಿದ್ದರು. ಮತ್ತೊಂದು ದಿನದ ಕೂಲಿ ಬಿಡಲು ಅವನಿಂದಾಗಲಿಲ್ಲ. ಮತ್ತೊಬ್ಬಳಿಗೆ ಜೊತೆಗೆ ಬರುವವರು ಗಂಡನ ತಮ್ಮನೇ. ಅವನೆದುರು ಹೋಗುವ ಹಾಗಿಲ್ಲ. ಕಾಲು ಮುರಿದು ಬಂದವನು ‘ಕಾಲು ಸರಿಹೋಯಿತು, ಇನ್ನೇನು’ ಎಂದುಕೊಂಡ. ಒಳಗೆ ನೋವಿಲ್ಲ, ಜ್ವರವಿಲ್ಲ; ಕಣ್ಣಿಗೆ ಕಾಣದ ರೋಗಕ್ಕೆ ಬದುಕಿನ ಕೊನೆಯವರೆಗೆ ಮಾತ್ರೆ ನುಂಗಬೇಕೆಂಬುದನ್ನು ಬ್ಯಾಂಡೇಜು ಸುತ್ತುವ ಐದು ನಿಮಿಷದಲ್ಲಿ ಕೇಳಿಸಿಕೊಂಡವನು ನಂಬುವುದಾದರೂ ಹೇಗೆ?

ಇವೆಲ್ಲಕ್ಕಿಂತ ದೊಡ್ಡ ಕಾರಣವೊಂದುಂಟು. ಅದು ಗಡಿಯಾರದ್ದು. ಆಪ್ತಸಮಾಲೋಚನೆ ಮತ್ತು ಪರೀಕ್ಷೆಯ ಕೇಂದ್ರ, ಎಂದರೆ ಎಲ್ಲರೂ ಐ.ಸಿ.ಟಿ.ಸಿ. ಎನ್ನುವುದು, ಕಚೇರಿಯ ವೇಳೆಯಲ್ಲಿ ತೆರೆದಿರುತ್ತದೆ. ಎ.ಆರ್.ಟಿ. ಕೇಂದ್ರವೂ ಹಾಗೆಯೇ. ಕ್ಯಾಶುವಾಲ್ಟಿಯಾದರೋ ರಾತ್ರಿಯ, ಭಾನುವಾರದ, ಹಬ್ಬದ ದಿನದ ಸಂಸ್ಥೆ. ಶನಿವಾರ ರಾತ್ರಿ ಹೊಲಿಗೆ ಹಾಕಿಸಿಕೊಂಡು ಭಾನುವಾರ ಬೆಳಿಗ್ಗೆ ಮನೆಗೆ ಹೋಗುವವನಿಗೆ ಸೋಮವಾರ ಹತ್ತು ಗಂಟೆಗೆ ಕುರ್ಚಿಗೆ ಬರುವ ಸಮಾಲೋಚಕರು ಎದುರಾಗುವುದು ಹೇಗೆ ಸಾಧ್ಯ? ಒಂದೇ ಕಾಂಪೌಂಡಿನೊಳಗಿನ ಎರಡು ಕೋಣೆಗಳು ಒಂದು ದಿನ, ಒಂದೂವರೆ ದಿನದಷ್ಟು ದೂರವಾಗಿಬಿಡುತ್ತವೆ.

ಇಲ್ಲಿ ವೈದ್ಯಶಾಸ್ತ್ರದ ಒಂದೆರಡು ತೊಡಕುಗಳನ್ನೂ ಹೇಳಬೇಕು. ಇಲ್ಲದಿದ್ದರೆ ‘ಅಲ್ಲಿಯೇ ಮಾತ್ರೆ ಕೊಟ್ಟು ಕಳುಹಬಾರದೇ?’ ಎಂಬ ಪ್ರಶ್ನೆ ಉಳಿಯುತ್ತದೆ. ತುರ್ತಿನಲ್ಲಿ ಮಾಡುವ ಒಂದು ಬೆರಳಗಲದ ಪಟ್ಟಿಯ ಪರೀಕ್ಷೆ ಕೇವಲ ಸೂಚನೆ. ಸಾಮಾನ್ಯವಾಗಿ ಬೇರೆ ಬೇರೆ ಬಗೆಯ ಮೂರು ಪರೀಕ್ಷೆಗಳು ಒಂದೇ ಮಾತು ಹೇಳಿದಾಗ ಮಾತ್ರ ಸೋಂಕು ಖಚಿತವೆನ್ನುತ್ತಾರೆ. ಅದಾಗುವ ಮುನ್ನ ‘ನಿನಗೆ ಎಚ್.ಐ.ವಿ.’ ಎಂದು ಹೇಳಿ ಕಳುಹುವುದು ಅಪರಾಧವೆಂದೇ ನನ್ನ ಎಣಿಕೆ. ಇನ್ನು ಕ್ಷಯವಿದ್ದರೆ ಮೊದಲು ಕ್ಷಯದ ಔಷಧ, ಕೆಲವು ದಿನ ಬಿಟ್ಟು ಇದು; ಎರಡೂ ಒಮ್ಮೆಗೇ ಆರಂಭವಾದರೆ ಚೇತರಿಸಿಕೊಳ್ಳುವ ಮೈ ತನ್ನೊಳಗಿನ ರೋಗಾಣುಗಳ ಮೇಲೆ ಒಮ್ಮೆಲೇ ಯುದ್ಧ ಹೂಡಿ ರೋಗಿಯನ್ನೇ ಹಣ್ಣುಮಾಡುತ್ತದೆ. ಮೆದುಳಿನ ಪೊರೆಗೆ ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರ ಹತ್ತಿದ್ದರಂತೂ ನಾಲ್ಕರಿಂದ ಆರು ವಾರ ಕಾಯಬೇಕು. ಹೀಗೆ ಇಷ್ಟು ದಿನ ಕಾದು, ಇಂಥ ದಿನ ಆರಂಭಿಸಿ, ಮತ್ತೆ ಇಂಥ ದಿನ ರಕ್ತ ನೋಡಿ ಎಂಬ ಎಳೆಯನ್ನು ಯಾರಾದರೊಬ್ಬರು ಹಿಡಿದಿರಲೇಬೇಕು. ತುರ್ತು ವಿಭಾಗದ ವೈದ್ಯ ಹಿಡಿದಿರಲಾರ. ಅವನ ಮುಂದೆ ಆಗಲೇ ಹಾವು ಕಚ್ಚಿಸಿಕೊಂಡವರು ಬಂದು ಮಲಗಿರುತ್ತಾರೆ.

ಹಾಗಾದರೆ ಯಾವುದು ಫಲ ಕೊಡುತ್ತದೆ? ಅಮೆರಿಕದಲ್ಲಿ 2005ರಲ್ಲಿ ಪ್ರಕಟವಾದ ಒಂದು ಪ್ರಯೋಗ ನನಗೆ ಬಹಳ ಹಿಡಿಸಿತು. ಹೊಸದಾಗಿ ಸೋಂಕು ಗೊತ್ತಾದವರನ್ನು ಎರಡು ಗುಂಪಾಗಿ ಮಾಡಿದರು. ಒಂದು ಗುಂಪಿಗೆ ವಿಳಾಸ, ಮಾಹಿತಿಯ ಕಾಗದ, ಹಿತವಚನ. ಇನ್ನೊಂದು ಗುಂಪಿನ ಪ್ರತಿಯೊಬ್ಬರಿಗೂ ಒಬ್ಬ ಜೊತೆಗಾರ. 90 ದಿನಗಳೊಳಗೆ ಹೆಚ್ಚೆಂದರೆ ಐದು ಸಲ ಭೇಟಿಯಾಗಿ, ಅವರ ಬದುಕಿನಲ್ಲಿ ಈಗಾಗಲೇ ಇರುವ ಬಲವೇನೆಂದು ಅವರ ಬಾಯಿಂದಲೇ ಹೊರಡಿಸಿ, ಬೇಕಾದರೆ ಆಸ್ಪತ್ರೆಯವರೆಗೆ ಜೊತೆಯಲ್ಲಿ ಹೋಗುವವನು. ಆರು ತಿಂಗಳಲ್ಲಿ ಮೊದಲ ಗುಂಪಿನಲ್ಲಿ ನೂರಕ್ಕೆ 60 ಮಂದಿ ವೈದ್ಯರನ್ನು ಕಂಡಿದ್ದರು. ಎರಡನೆಯದರಲ್ಲಿ 78 ಮಂದಿ. ಯಾವ ಹೊಸ ಔಷಧವೂ ಇಲ್ಲ, ಯಂತ್ರವೂ ಇಲ್ಲ. ಜೊತೆಗೆ ನಡೆದು ಹೋದದ್ದು ಮಾತ್ರ. ಲಂಡನ್ ಮುಂತಾದ ಊರುಗಳಲ್ಲಿ 2022ರ ಏಪ್ರಿಲ್‌ನಿಂದ ತುರ್ತು ವಿಭಾಗಕ್ಕೆ ಬಂದು ರಕ್ತ ಕೊಡುವವರಿಗೆಲ್ಲ, ಬೇಡವೆಂದವರನ್ನು ಬಿಟ್ಟು, ಎಚ್.ಐ.ವಿ. ಪರೀಕ್ಷೆಯನ್ನೂ ಮಾಡತೊಡಗಿದರು. ಹೊಸ ಸೋಂಕಿತರಷ್ಟೇ ಅಲ್ಲದೆ, ಹಿಂದೆಂದೋ ಗೊತ್ತಾಗಿ ಔಷಧ ಬಿಟ್ಟು ಕಣ್ಮರೆಯಾದವರೂ ಅಲ್ಲಿ ಸಿಕ್ಕಿದರು. ಇದು ನಮ್ಮ ಅನುಭವಕ್ಕೂ ಒಪ್ಪುವ ಮಾತು. ಕ್ಯಾಶುವಾಲ್ಟಿಯ ಮಂಚದ ಮೇಲೆ ‘ನನಗೆ ಗೊತ್ತು ಸಾರ್, ಮೂರು ವರ್ಷದ ಹಿಂದೆ ಬಿಟ್ಟೆ’ ಎಂದು ಗೋಡೆಯ ಕಡೆ ತಿರುಗಿಕೊಂಡವರನ್ನು ನಾನೆಷ್ಟು ಕಂಡಿದ್ದೇನೋ. ಅಂಥವರನ್ನು ಬೈಯುವ ಚಟ ನಮ್ಮಲ್ಲಿ ಕೆಲವರಿಗುಂಟು. ಬೈಸಿಕೊಂಡವರು ಮತ್ತೆ ಬರುವುದಿಲ್ಲ.

ಮಂಡಕ್ಕಿ ಭಟ್ಟಿಯ ಹೆಂಗಸಿನ ಜೊತೆ ಎರಡನೆಯ ಸಲ ಹೋದವರು ನಮ್ಮ ವಾರ್ಡಿನ ಆಯಾ. ಆಕೆಗೆ ಯಾರೂ ಆಜ್ಞೆ ಮಾಡಿರಲಿಲ್ಲ. ‘ಬಾರವ್ವ, ನಂಗೂ ಆ ಕಡೆ ಕೆಲ್ಸ ಐತಿ’ ಎಂದು ಕೈಹಿಡಿದು ಆಟೋ ಹತ್ತಿಸಿದರು. ಕೋಣೆಯ ಮುಂದೆ ಪಕ್ಕದಲ್ಲಿ ಕುಳಿತು ಎಲೆ ಅಡಿಕೆ ಹಾಕಿಕೊಂಡರಂತೆ. ನೋಡಿದವರಿಗೆ ಇಬ್ಬರಲ್ಲಿ ರೋಗಿ ಯಾರೆಂದು ತಿಳಿಯುವ ಹಾಗಿರಲಿಲ್ಲ. ಕ್ಷಯದ ಮಾತ್ರೆ ಮುಗಿಯಿತು, ಇನ್ನೊಂದು ಮಾತ್ರೆ ಉಳಿಯಿತು. ಆಕೆ ಈಗ ಭಟ್ಟಿಗೆ ಹೋಗುವುದಿಲ್ಲ, ಹೂ ಕಟ್ಟುತ್ತಾಳೆ.

ಎಲ್ಲರೊಂದಿಗೂ ಆಯಾ ಹೋಗಲಾದೀತೇ ಎಂದು ಕೇಳುವಿರಿ. ಆಗದು. ಅದಕ್ಕಾಗಿಯೇ ಸಮುದಾಯದಲ್ಲಿ ಓಡಾಡುವ ಕಾರ್ಯಕರ್ತರಿದ್ದಾರೆ, ಸೋಂಕಿತರೇ ಕಟ್ಟಿಕೊಂಡ ಸಂಘಗಳಿವೆ, 2013ರಲ್ಲಿ ಆರಂಭವಾದ ವಿಹಾನ್ ಎಂಬ ಕಾರ್ಯಕ್ರಮದ ಆರೈಕೆ ಮತ್ತು ಬೆಂಬಲ ಕೇಂದ್ರಗಳಿವೆ. ಇವರಲ್ಲಿ ಅನೇಕರು ತಾವೇ ಆ ಮಾತ್ರೆ ನುಂಗುವವರು. ಇಪ್ಪತ್ತು ವರ್ಷದಿಂದ ಸೋಂಕಿನೊಂದಿಗೆ ಬಾಳಿ, ಮಕ್ಕಳ ಮದುವೆ ಮಾಡಿದ ಒಬ್ಬಾಕೆ ಎದುರು ಬಂದು ಕುಳಿತರೆ ಸಾಕು, ನನ್ನ ಅರ್ಧ ಗಂಟೆಯ ಉಪದೇಶ ಮಾಡಲಾರದ್ದನ್ನು ಅದು ಮಾಡುತ್ತದೆ.

ಈ ಕಾರ್ಯಕರ್ತರಿಂದ ನಾನು ಕಲಿತ ಒಂದು ಸಣ್ಣ ಪಾಠ ದೂರವಾಣಿಯದು. ರೋಗಿಯ ಹೆಸರಿನ ಮುಂದೆ ಒಂದು ಮೊಬೈಲ್ ಸಂಖ್ಯೆ ಬರೆದುಕೊಂಡೊಡನೆ ನಾವು ಕೃತಾರ್ಥರಾಗುತ್ತೇವೆ. ಆ ಫೋನು ಯಾರ ಕೈಯಲ್ಲಿರುತ್ತದೆ? ಅನೇಕ ಮನೆಗಳಲ್ಲಿ ಅದು ಮಗನದು, ಅತ್ತೆಯದು, ಪಕ್ಕದ ಅಂಗಡಿಯದು. ‘ಆಸ್ಪತ್ರೆಯಿಂದ ಮಾತಾಡುತ್ತಿದ್ದೇವೆ’ ಎಂಬ ಒಂದೇ ವಾಕ್ಯಕ್ಕೆ ಒಂದು ಸಂಸಾರ ಮುರಿದೀತು. ಆದ್ದರಿಂದ ಅನುಭವವುಳ್ಳವರು ಮೊದಲ ಭೇಟಿಯಲ್ಲಿಯೇ ಕೇಳಿಕೊಳ್ಳುತ್ತಾರೆ: ಯಾವ ಹೊತ್ತಿಗೆ ಮಾಡಲಿ? ಬೇರೆಯವರು ಎತ್ತಿದರೆ ಯಾರೆಂದು ಹೇಳಲಿ? ಒಬ್ಬಾಕೆ ‘ಸ್ತ್ರೀಶಕ್ತಿ ಸಂಘದ ಸಾಲದ ವಿಷಯ ಅಂತ ಹೇಳಿ’ ಎಂದಿದ್ದಳಂತೆ. ಆಕೆಯ ಮನೆಯವರಿಗೆ ಇಂದಿಗೂ ಆ ಸಾಲದ ಕಂತು ತೀರಿಲ್ಲ.

ಇನ್ನು ಕಾನೂನಿನ ಮಾತು. 2017ರಲ್ಲಿ ಸಂಸತ್ತು ಅಂಗೀಕರಿಸಿದ, 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಕಾಯಿದೆಯೊಂದಿದೆ. ಅದರ ಪ್ರಕಾರ ತಿಳಿವಳಿಕೆಯುಳ್ಳ ಒಪ್ಪಿಗೆಯಿಲ್ಲದೆ ಯಾರಿಗೂ ಎಚ್.ಐ.ವಿ. ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಕಂಡಕಂಡವರಿಗೆ ಹೇಳುವಂತಿಲ್ಲ, ಸೋಂಕಿನ ಕಾರಣದಿಂದ ಚಿಕಿತ್ಸೆ ನಿರಾಕರಿಸುವಂತಿಲ್ಲ. ಕಾಗದದ ಮೇಲೆ ಸೊಗಸಾಗಿದೆ. ಆದರೆ ಶಸ್ತ್ರಚಿಕಿತ್ಸೆಗೆ ಮುನ್ನ ‘ಎಲ್ಲಾ ರಕ್ತ’ ಎಂಬ ಎರಡು ಪದಗಳಡಿಯಲ್ಲಿ ಈ ಪರೀಕ್ಷೆಯನ್ನೂ ಸೇರಿಸಿ, ರೋಗಿಗೆ ಹೇಳದೆ ಮಾಡಿಬಿಡುವ ಪರಿಪಾಠವನ್ನು ನಾನು ಕಂಡಿದ್ದೇನೆ. ಒಂದು ಆಸ್ಪತ್ರೆಯಲ್ಲಿ ಅಂಥ ಕಡತಗಳ ಮೇಲೆ ಕೆಂಪು ಶಾಯಿಯಲ್ಲಿ ದೊಡ್ಡ ಗುರುತು ಹಾಕುತ್ತಿದ್ದರು. ಕಸ ಗುಡಿಸುವ ಹುಡುಗನಿಗೂ ಅದರ ಅರ್ಥ ಗೊತ್ತಿತ್ತು, ರೋಗಿಯೊಬ್ಬನಿಗೆ ಮಾತ್ರ ಗೊತ್ತಿರಲಿಲ್ಲ. ಹೀಗೆ ಹೇಳದೆ ಪರೀಕ್ಷಿಸಿದವರು ಫಲಿತಾಂಶವನ್ನು ಹೇಳುವುದಕ್ಕೂ ಹಿಂಜರಿಯುತ್ತಾರೆ. ಹೇಳಿದರೆ ‘ಯಾರನ್ನು ಕೇಳಿ ಮಾಡಿದಿರಿ?’ ಎಂಬ ಪ್ರಶ್ನೆ ಬರುತ್ತದೆ. ಅದಕ್ಕೇ ಆ ಮುಚ್ಚಿದ ಲಕೋಟೆ, ಆ ಇಂಗ್ಲಿಷ್ ಚೀಟಿ, ‘ಅಲ್ಲಿ ಹೋಗಿ, ಅವರೇ ಹೇಳುತ್ತಾರೆ’. ಒಪ್ಪಿಗೆ ಕೇಳುವುದು ಬರಿಯ ಸೌಜನ್ಯವೆಂದು ಭಾವಿಸಿದವರು ಇದನ್ನು ಗಮನಿಸಬೇಕು. ಮೊದಲು ಕೇಳಿದ ವೈದ್ಯನಿಗೆ ಮಾತ್ರ ಆಮೇಲೆ ಹೇಳುವ ಬಾಯಿ ಇರುತ್ತದೆ.

ಹರಿಹರದ ಮಾತಿಗೆ ಬರುತ್ತೇನೆ. ‘ಮನೆಯ ಹತ್ತಿರವೇ ಔಷಧ ಸಿಕ್ಕರೆ ಜನ ತಪ್ಪದೆ ಬರುತ್ತಾರೆ’ ಎಂಬುದು ಯೋಜನೆ ರೂಪಿಸುವವರ ವಿಶ್ವಾಸ. ತಿಂಗಳಿಗೊಮ್ಮೆ ಬಸ್ಸಿನ ಖರ್ಚು, ಒಂದು ದಿನದ ಕೂಲಿ ಉಳಿಯುವುದು ನಿಜವಾಗಿಯೂ ದೊಡ್ಡ ಉಪಕಾರ. ನೆಲೆನಿಂತ ರೋಗಿಗಳಿಗೆ ಎರಡು ಮೂರು ತಿಂಗಳ ಮಾತ್ರೆಯನ್ನು ಒಟ್ಟಿಗೆ ಕೊಡುವ ಪದ್ಧತಿ ಬಂದ ಮೇಲಂತೂ ಅನೇಕರ ಹೊರೆ ಇಳಿದಿದೆ. ಆದರೆ ಸಣ್ಣ ಊರಿನ ಮನಸ್ಸೇ ಬೇರೆ. ಹರಿಹರದ ತಾಲ್ಲೂಕು ಆಸ್ಪತ್ರೆಯ ಕಾರಿಡಾರಿನಲ್ಲಿ ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಇಬ್ಬರಾದರೂ ‘ಏನಣ್ಣ, ಇಲ್ಲಿ?’ ಎಂದು ಕೇಳುತ್ತಾರೆ. ಅದಕ್ಕಾಗಿ ಹರಿಹರದವನು ದಾವಣಗೆರೆಯ ಬಸ್ಸು ಹತ್ತುತ್ತಾನೆ. ದಾವಣಗೆರೆಯವನು ಚಿತ್ರದುರ್ಗಕ್ಕೋ ಹುಬ್ಬಳ್ಳಿಗೋ ಹೋಗಬಯಸುತ್ತಾನೆ. ಅವರ ಪಾಲಿಗೆ ಆ 14 ಕಿಲೋಮೀಟರು ಅಡ್ಡಿಯಲ್ಲ, ಹೊದಿಕೆ. ಎಲ್ಲಿ ಔಷಧ ತೆಗೆದುಕೊಳ್ಳುವಿರೆಂದು ರೋಗಿಯನ್ನೇ ಕೇಳಬೇಕು; ನಕ್ಷೆಯ ಮೇಲೆ ಅಳತೆಪಟ್ಟಿ ಇಟ್ಟು ನಾವು ತೀರ್ಮಾನಿಸಬಾರದು.

ನದಿಯಾಚೆಯವರದು ಇನ್ನೊಂದು ಬಗೆ. ಕುಮಾರಪಟ್ಟಣದ ಕಾರ್ಮಿಕನಿಗೆ ಅಪಘಾತವಾದರೆ ಅವನನ್ನು ಹರಿಹರಕ್ಕೆ, ಅಲ್ಲಿಂದ ದಾವಣಗೆರೆಗೆ ತರುತ್ತಾರೆ. ಸೋಂಕು ಪತ್ತೆಯಾಗುವುದು ಒಂದು ಜಿಲ್ಲೆಯಲ್ಲಿ, ಮನೆ ಇರುವುದು ಇನ್ನೊಂದರಲ್ಲಿ. ಇಲ್ಲಿಯವರು ‘ನಿಮ್ಮ ಜಿಲ್ಲೆಗೆ ಹೋಗಿ’ ಎನ್ನುತ್ತಾರೆ, ಅಲ್ಲಿಯವರಿಗೆ ಇವನು ಬರಬೇಕೆಂಬ ವಿಷಯವೇ ಗೊತ್ತಿರುವುದಿಲ್ಲ. ಹರಿಯೂ ಹರನೂ ಒಂದೇ ಶಿಲೆಯಲ್ಲಿ ಅರ್ಧರ್ಧವಾಗಿ ನಿಂತಿರುವ ಹೊಯ್ಸಳರ ಕಾಲದ ದೇಗುಲದಿಂದಲೇ ಆ ಊರಿಗೆ ಹೆಸರು ಬಂದದ್ದು. ದೇವರುಗಳು ಹೊಂದಿಕೊಂಡಷ್ಟು ಸುಲಭವಾಗಿ ಎರಡು ಜಿಲ್ಲೆಗಳ ದಫ್ತರಗಳು ಹೊಂದಿಕೊಳ್ಳುವುದಿಲ್ಲ. ಇಂಥಲ್ಲಿ ಇತ್ತಲಿನ ಸಮಾಲೋಚಕರು ಅತ್ತಲಿನವರಿಗೆ ರೋಗಿಯ ಒಪ್ಪಿಗೆ ಪಡೆದು, ರೋಗಿ ಎದುರಿಗಿರುವಾಗಲೇ, ಫೋನು ಮಾಡಿ ‘ಗುರುವಾರ ಬರುತ್ತಾರೆ, ಇಂಥವರನ್ನು ಕೇಳುತ್ತಾರೆ’ ಎಂದು ಹೇಳಿದರೆ ಆ ಗುರುವಾರ ಅವನು ಹೋಗುವ ಸಂಭವ ಹೆಚ್ಚು. ಹೋಗದಿದ್ದರೆ ಶುಕ್ರವಾರ ಅತ್ತಣಿಂದ ಫೋನು ಬರುತ್ತದೆ.

ರಾತ್ರಿ ಪಾಳಿಗೆ ಏನು ಮಾಡಬೇಕೆಂಬ ಪ್ರಶ್ನೆ ಉಳಿಯಿತು. ಎಲ್ಲ ತುರ್ತು ವಿಭಾಗಗಳಲ್ಲಿ ಹಗಲಿರುಳು ಸಮಾಲೋಚಕರನ್ನು ಕೂರಿಸುವಷ್ಟು ಹಣ ಸದ್ಯಕ್ಕೆ ಯಾರೂ ಕೊಡುವಂತೆ ಕಾಣುವುದಿಲ್ಲ. ಹಗಲಿರುಳು ಕರೆ ಮಾಡಬಹುದಾದ 1097 ಎಂಬ ಉಚಿತ ಸಹಾಯವಾಣಿ ಇದೆ. ಆ ಸಂಖ್ಯೆಯನ್ನು ಗೋಡೆಗೆ ಬರೆಯುವುದಕ್ಕಿಂತ ಸಿಸ್ಟರ್ ಒಬ್ಬರು ಬಾಯಲ್ಲಿ ಹೇಳುವುದು ಮೇಲು. ನಾನು ಕೊನೆಯ ಆರೇಳು ವರ್ಷ ಕೆಲಸ ಮಾಡಿದ ವಾರ್ಡಿನಲ್ಲಿ ಹಿರಿಯ ಸಿಸ್ಟರ್ ಒಬ್ಬರು ಒಂದು ಉದ್ದನೆಯ ನೋಟ್‌ಬುಕ್ ಇಟ್ಟಿದ್ದರು. ಅದರಲ್ಲಿ ಹೆಸರಿಲ್ಲ, ರೋಗದ ಉಲ್ಲೇಖವಿಲ್ಲ. ದಿನಾಂಕ, ಮಂಚದ ಸಂಖ್ಯೆ, ‘ಸೋಮವಾರ 9.30, ಬಸ್ ಸ್ಟಾಂಡ್ ಕಡೆಯ ಗೇಟು’ ಎಂಬಂಥ ಒಂದು ಸಾಲು. ಮನೆಗೆ ಹೋಗುವ ಮುನ್ನವೇ ರೋಗಿಯೊಂದಿಗೆ ಮಾತಾಡಿ ಆ ಸಾಲನ್ನು ಬರೆಯುತ್ತಿದ್ದರು. ಸೋಮವಾರ ಬೆಳಿಗ್ಗೆ ಪಾಳಿ ಮುಗಿಸಿದವರು ಆ ಗೇಟಿನ ಬಳಿ ಹೋಗಿ ನಿಲ್ಲುತ್ತಿದ್ದರು. ಬಂದವರನ್ನು ಕರೆದೊಯ್ದು ಸಮಾಲೋಚಕರ ಮುಂದೆ ಕೂರಿಸಿ, ಆ ಸಾಲಿನ ಎದುರಿಗೆ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆಯುತ್ತಿದ್ದರು. ಗೆರೆಯಿಲ್ಲದ ಸಾಲುಗಳು ಯಾವುವೆಂದು ಮುಂದಿನ ಪಾಳಿಯವರು ನೋಡಿಕೊಳ್ಳಬೇಕೆಂಬುದು ಅವರ ಕಟ್ಟಳೆ. ಅವರು ನಿವೃತ್ತರಾದ ದಿನ ಆ ಪುಸ್ತಕವನ್ನು ಮನೆಗೆ ಒಯ್ಯಲಿಲ್ಲ. ಅರ್ಧ ಖಾಲಿ ಇದೆ, ಇನ್ನೆರಡು ವರ್ಷ ಬರುತ್ತದೆ ಎಂದು ಇಂಜೆಕ್ಷನ್ ಕಪಾಟಿನ ಮೇಲೆಯೇ ಇಟ್ಟು ಹೋದರು.